ರಾತ್ರಿ ಎರಡಕ್ಕೆ ಐಸಿಪಿ 28: ತಲೆಗೆ ಪೆಟ್ಟಾದವರ ಮಿದುಳಿನ ಒತ್ತಡ ಏರಿದಾಗ ಎಲ್ಲಿಂದ ಹುಡುಕುವುದು?

ರಾತ್ರಿ ಎರಡು ಗಂಟೆ. ಏಳನೇ ಬೆಡ್ಡಿನ ಮಾನಿಟರು ಕೂಗುತ್ತಿದೆ. ಐಸಿಪಿ, ಅಂದರೆ ತಲೆಬುರುಡೆಯ ಒಳಗಿನ ಒತ್ತಡ, 28 (ಬಿಪಿಯ ಹಾಗೆ ಇದೂ ಪಾದರಸದ ಮಿಲಿಮೀಟರ್, ಎಂಎಂ, ಲೆಕ್ಕ). ಹೊಸ ಹುಡುಗಿ ಓಡಿಬಂದು ಕೇಳಿದಳು: "ಸಿಸ್ಟರ್, ಡಾಕ್ಟರಿಗೆ ಹೇಳಿ ಮ್ಯಾನಿಟಾಲ್ ಹಾಕೋಣ್ವಾ?" ಮ್ಯಾನಿಟಾಲ್ ಅಂದರೆ ಮಿದುಳಿನ ಬಾವಿನ ನೀರೆಳೆದು ಒತ್ತಡ ಇಳಿಸುವ ಔಷಧಿ. ನಾನು ಮೊದಲು ನೋಡಿದ್ದು ಕುತ್ತಿಗೆ. ಮಗ್ಗುಲು ಬದಲಿಸಿ ಹೋದವರು ತಲೆಯನ್ನು ಎಡಕ್ಕೆ ವಾಲಿದ ಹಾಗೆಯೇ ಬಿಟ್ಟಿದ್ದರು. ಉಸಿರಿನ ಟ್ಯೂಬ್ ಬಿಗಿದ ಪಟ್ಟಿ ಕಿವಿಯ ಕೆಳಗೆ ಕೊರೆದು ಕೆಂಪು ಗೆರೆ ಎದ್ದಿತ್ತು. ತಲೆ ನೇರ ಮಾಡಿದೆವು, ಪಟ್ಟಿಯನ್ನು ಒಂದು ಬೆರಳು ತೂರುವಷ್ಟು ಸಡಿಲಿಸಿದೆವು. ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ 17.

ಎಲ್ಲ ಸಲ ಇಷ್ಟು ಸುಲಭಕ್ಕೆ ಮುಗಿಯಲ್ಲ. ಆದರೆ ಮುಂಬೈಯ ನ್ಯೂರೋ ಐಸಿಯುಗಳಲ್ಲಿ ಇಷ್ಟು ವರ್ಷ ರಾತ್ರಿ ಪಾಳಿ ಮಾಡಿ ನನಗೆ ಅಂಟಿದ ಚಾಳಿ ಇದು: ಖರ್ಚಿಲ್ಲದ್ದನ್ನು ಮೊದಲು ನೋಡು. ಊರಿಂದ ಬಂದು ಇಲ್ಲಿ, ಪುಣೆಯಲ್ಲಿ, ಗೋವಾದಲ್ಲಿ ಕೆಲಸಕ್ಕೆ ಸೇರುವ ನಮ್ಮ ನರ್ಸುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಐಸಿಯು ಹೊರಗಿನ ಬೆಂಚಿನಲ್ಲಿ ಕೂತು "ಪ್ರೆಶರ್ ಬಢ್ ಗಯಾ" ಅನ್ನುವ ಒಂದೇ ಮಾತು ಕೇಳಿಸಿಕೊಂಡು ತಲೆ ಕೆಡಿಸಿಕೊಂಡಿರುವ ಮನೆಯವರಿಗೂ ಹೌದು. ಮನೆಯವರು ಓದಿ ತಿಳಿದುಕೊಳ್ಳಿ, ಯಾವುದಕ್ಕೂ ಕೈ ಹಾಕಬೇಡಿ. ನರ್ಸುಗಳಿಗೆ ನಿಮ್ಮ ಆಸ್ಪತ್ರೆಯ ಪ್ರೋಟೊಕಾಲೇ ಕೊನೆಯ ಮಾತು. ಇಲ್ಲಿರುವ ನಂಬರುಗಳೆಲ್ಲ ದೊಡ್ಡವರದ್ದು, ಮಕ್ಕಳ ಲೆಕ್ಕ ಬೇರೆ.

ಮೊದಲು ಇದು: ಈ ಲಕ್ಷಣ ಕಂಡರೆ ಹುಡುಕುತ್ತಾ ಕೂರಬೇಡಿ

ಒಂದು ಕಣ್ಣಿನ ಪಾಪೆ ಇದ್ದಕ್ಕಿದ್ದಂತೆ ಹಿಗ್ಗಿದೆ, ಟಾರ್ಚ್ ಬಿಟ್ಟರೂ ಕುಗ್ಗುತ್ತಿಲ್ಲ. ಅಥವಾ ಬಿಪಿ ಏರುತ್ತಿದೆ, ನಾಡಿ ನಿಧಾನವಾಗುತ್ತಿದೆ, ಉಸಿರಿನ ತಾಳ ತಪ್ಪಿದೆ. ಅಥವಾ ಇಷ್ಟು ಹೊತ್ತು ನೋವು ಮಾಡಿದ ಕಡೆಗೆ ಕೈ ತರುತ್ತಿದ್ದವನು ಈಗ ಕೈಕಾಲು ಸೆಟೆದು ನೀಟುತ್ತಿದ್ದಾನೆ. ಮಿದುಳು ತನ್ನ ಜಾಗದಿಂದ ಕೆಳಕ್ಕೆ ಜಾರುತ್ತಿರುವ ಗುರುತು ಇದು. ಪಾಪೆಯನ್ನು ಕುಗ್ಗಿಸುವ ನರ ಅದರ ಕೆಳಗೆ ಸಿಕ್ಕಿ ಹಿಂಡಿಹೋಗುತ್ತದೆ. ಬಿಪಿ ಏರಿ ನಾಡಿ ಇಳಿಯುವುದಕ್ಕೆ ಕುಶಿಂಗ್ ಲಕ್ಷಣ ಅನ್ನುತ್ತಾರೆ. ಅದು ತಡವಾಗಿ ಬರುವ ಲಕ್ಷಣ, ಅದಕ್ಕೆ ಕಾಯುವುದು ತಪ್ಪು.

ಇಂಥ ಹೊತ್ತಲ್ಲಿ ಒಬ್ಬರು ತಲೆ ನೇರ ಮಾಡಿ ಆಕ್ಸಿಜನ್ ನೋಡಲಿ, ಇನ್ನೊಬ್ಬರು ನ್ಯೂರೋಸರ್ಜನ್ನರಿಗೆ ಫೋನ್ ಮಾಡಲಿ. ಫೈಲು ಆಮೇಲೆ ಬರೆದರಾಯಿತು.

ಒಳಗೆ ಆಗುತ್ತಿರುವುದು ಏನು

ಸಂಜೆ ಆರರ ವಿರಾರ್ ಫಾಸ್ಟ್, ಮುಂಬೈಯ ಕಿಕ್ಕಿರಿದ ಲೋಕಲ್ ರೈಲು, ನೆನಪಿಸಿಕೊಳ್ಳಿ. ಡಬ್ಬಿಯ ಗೋಡೆ ಹಿಗ್ಗಲ್ಲ. ತಲೆಬುರುಡೆಯೂ ಹಾಗೇ. ಅದರೊಳಗೆ ಸುಮಾರು 80 ಭಾಗ ಮಿದುಳು, 10 ಭಾಗ ರಕ್ತ, 10 ಭಾಗ ಮಿದುಳಿನ ನೀರು. ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದರೆ ಅಥವಾ ಮಿದುಳು ಬಾತರೆ ಹೊಸ ಪ್ರಯಾಣಿಕ ಹತ್ತಿದಂತೆ. ಮೊದಮೊದಲು ನೀರು, ಸಿರೆಗಳ ರಕ್ತ ಕೆಳಗಿಳಿದು ಜಾಗ ಬಿಡುತ್ತವೆ, ಮಾನಿಟರಿನ ನಂಬರು ಅಲ್ಲಾಡುವುದೇ ಇಲ್ಲ. ಇಳಿಯಲು ಇನ್ನು ಯಾರೂ ಇಲ್ಲ ಅನ್ನುವಾಗ ಒಬ್ಬನೇ ಒಬ್ಬ ಹತ್ತಿದರೂ ಎಲ್ಲರ ಉಸಿರು ಕಟ್ಟುತ್ತದೆ. ಬೆಳಿಗ್ಗೆ 14 ಇದ್ದದ್ದು ಒಂದು ಕೆಮ್ಮಿಗೆ 30 ಆಗುವುದು ಇದರಿಂದ.

ಇನ್ನೊಂದು ಲೆಕ್ಕ ಬಾಯಿಪಾಠ ಇರಲಿ. ಸರಾಸರಿ ಬಿಪಿಯಿಂದ ಐಸಿಪಿ ಕಳೆದರೆ ಸಿಗುವುದು ಸಿಪಿಪಿ, ಅಂದರೆ ಮಿದುಳಿಗೆ ರಕ್ತ ತಳ್ಳುವ ಬಲ. 85ರಲ್ಲಿ 20 ಹೋದರೆ 65. ಅದು 60ರಿಂದ 70ರ ನಡುವೆ ಇರಬೇಕು. ಐಸಿಪಿ 22 ದಾಟಿ ಕೆಲವು ನಿಮಿಷ ಅಲ್ಲೇ ನಿಂತರೆ ಚಿಕಿತ್ಸೆ ಬೇಕು. ಎರಡೂ ಅಮೆರಿಕದ ಬ್ರೇನ್ ಟ್ರಾಮಾ ಫೌಂಡೇಶನ್ 2016ರಲ್ಲಿ ಹೇಳಿದ ಗಡಿಗಳು. ನಮ್ಮ ಐಸಿಯುಗಳಲ್ಲೂ ಇವನ್ನೇ ನೋಡುತ್ತಾರೆ.

ಲಕ್ಷಣ: ಕಣ್ಣು ಬಿಡುತ್ತಾನೆ, ಹೇಳಿದ್ದು ಮಾಡುತ್ತಿಲ್ಲ

ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಯಾವ ಭಾಷೆಯಲ್ಲಿ ಹೇಳಿದಿರಿ?

ಕಟ್ಟಡ ಕೆಲಸದಲ್ಲಿ ಮೇಲಿಂದ ಬಿದ್ದ ಉತ್ತರ ಕರ್ನಾಟಕದ ಹುಡುಗ. ಟ್ಯೂಬ್ ತೆಗೆದು ಎರಡು ದಿನ ಆಗಿತ್ತು. ಚಾರ್ಟಿನಲ್ಲಿ ಮೂರು ಪಾಳಿಯಿಂದ ಗ್ಲಾಸ್ಗೋ ಸ್ಕೋರ್, ಅಂದರೆ ಎಚ್ಚರ ಎಷ್ಟಿದೆ ಅನ್ನುವ ಅಳತೆ, 10: ಕಣ್ಣಿಗೆ 3, ಮಾತಿಗೆ 2, ಚಲನೆಗೆ 5. ಮಾತಿಗೆ 2 ಅಂದರೆ ಅರ್ಥವಿಲ್ಲದ ಸದ್ದು. ನಾನು ಬಗ್ಗಿ ಕಿವಿಗೊಟ್ಟರೆ ಅವನು ಅನ್ನುತ್ತಿದ್ದದ್ದು, "ಯವ್ವಾ, ನೀರ ಕೊಡ." ಸುತ್ತ ಇದ್ದವರಿಗೆ ಮರಾಠಿ, ಹಿಂದಿ, ಮಲಯಾಳ ಎಲ್ಲ ಬರುತ್ತಿತ್ತು, ಕನ್ನಡ ಒಂದು ಬಿಟ್ಟು. "ತಮ್ಮಾ, ಎರಡು ಬೆರಳು ತೋರ್ಸು ನೋಡೋಣ" ಅಂದೆ. ತೋರಿಸಿದ. ಮಾತಿಗೆ 4, ಚಲನೆಗೆ 6, ಒಟ್ಟು 13.

ಇದು ಬರೀ ಅಭಿಮಾನದ ಮಾತಲ್ಲ. 1974ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಈ ಸ್ಕೋರು 3ರಿಂದ 15ರವರೆಗೆ ಹೋಗುತ್ತದೆ. 8 ಅಥವಾ ಕಡಿಮೆ ಇದ್ದರೆ ತೀವ್ರ ಪೆಟ್ಟು. ಯಾರನ್ನು ಸಿಟಿ ಸ್ಕ್ಯಾನಿಗೆ ಓಡಿಸಬೇಕು, ಯಾರಿಗೆ ಮತ್ತೆ ಟ್ಯೂಬ್ ಹಾಕಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಮೊದಲೇ ಸುಳ್ಳು 10 ಬರೆದಿಟ್ಟರೆ, ನಾಳೆ ಅವನು ನಿಜವಾಗಿ 10ಕ್ಕೆ ಇಳಿದಾಗ ಯಾರಿಗೂ ಗೊತ್ತಾಗಲ್ಲ.

ಹಾಗಾಗಿ ಮನೆಯವರೇ, ನೀವು ಮಾಡಬಹುದಾದ ದೊಡ್ಡ ಸಹಾಯ ಇದು: ಅವರಿಗೆ ಯಾವ ಭಾಷೆ ಬರುತ್ತದೆ ಅಂತ ಮೊದಲ ದಿನವೇ ಹೇಳಿ. ಕಿವಿ ಮಂದವೇ, ಹಿಂದೆ ಕಣ್ಣಿನ ಆಪರೇಶನ್ ಆಗಿದೆಯೇ ಅದನ್ನೂ ಹೇಳಿ. ಪೊರೆ ತೆಗೆದ ಕಣ್ಣಿನ ಪಾಪೆ ಮೊದಲಿಂದಲೇ ಆಕಾರ ಕೆಟ್ಟಿರಬಹುದು. ಕಣ್ಣು ಬಿಡು, ಕೈ ಎತ್ತು, ನಾಲಿಗೆ ತೋರ್ಸು, ನಿನ್ನ ಹೆಸರೇನು: ಇಷ್ಟು ಕನ್ನಡ ಮಾತನ್ನು ಇಲ್ಲಿನವರು ಓದುವ ದೇವನಾಗರಿ ಲಿಪಿಯಲ್ಲಿ ಬರೆದು ಬೆಡ್ಡಿನ ತಲೆಗೆ ಅಂಟಿಸಿ ಅಂತ ಕೇಳಿಕೊಳ್ಳಿ. ನಮ್ಮಲ್ಲಿ ಈಗ ಅದೇ ರೂಢಿ.

ಸ್ವಂತ ಭಾಷೆಯಲ್ಲಿ ಕೇಳಿದರೂ ಸ್ಕೋರು ಹಿಂದಿನದಕ್ಕಿಂತ 2 ಕೆಳಗಿಳಿದಿದ್ದರೆ ಮಿದುಳಿನ ಕಡೆ ಬೊಟ್ಟು ಮಾಡಿ. ಆಗ ಡಾಕ್ಟರನ್ನು ಕರೆಯಲು ತಡ ಬೇಡ.

ಲಕ್ಷಣ: ಐಸಿಪಿ 22 ದಾಟಿದೆ, ಇಳಿಯುತ್ತಿಲ್ಲ

ಕೆಮ್ಮಿದಾಗ, ಕಫ ಎಳೆದಾಗ ಒಂದು ನಿಮಿಷ ಏರಿ ಇಳಿದರೆ ಅದು ಲೆಕ್ಕಕ್ಕಿಲ್ಲ. ನಿಂತರೆ ಲೆಕ್ಕ.

ಮೊದಲು ಕುತ್ತಿಗೆ. ಮಿದುಳಿನಿಂದ ರಕ್ತ ವಾಪಸು ಬರುವುದು ಕುತ್ತಿಗೆಯ ಎರಡು ದೊಡ್ಡ ಸಿರೆಗಳಲ್ಲಿ. ತಲೆ ತಿರುಗಿದರೆ ಒಂದು ಮಡಚಿಕೊಳ್ಳುತ್ತದೆ. ಟ್ಯೂಬಿನ ಪಟ್ಟಿ, ಕುತ್ತಿಗೆಯ ಕಾಲರ್ ಬಿಗಿಯಾದರೆ ಎರಡೂ ಹಿಂಡುತ್ತವೆ. ಒಳಗೆ ಹೋದ ರಕ್ತಕ್ಕೆ ಹೊರಗೆ ಬರಲು ದಾರಿ ಇಲ್ಲ. ಮೂಗು ಹೊಕ್ಕುಳು ಒಂದೇ ಗೆರೆಯಲ್ಲಿ ಇರಲಿ, ತಲೆಕಡೆ 30 ಡಿಗ್ರಿ ಎತ್ತರ ಇರಲಿ. ಒಂದು ಎಚ್ಚರ: ಕುತ್ತಿಗೆ, ಬೆನ್ನಿನ ಮೂಳೆ ಮುರಿದಿಲ್ಲ ಅಂತ ಖಾತ್ರಿ ಆಗುವವರೆಗೆ ಸೊಂಟ ಬಾಗಿಸಬೇಡಿ, ಇಡೀ ಮಂಚವನ್ನೇ ಓರೆ ಮಾಡಿ. ಕಾಲರನ್ನು ನಿಮ್ಮಷ್ಟಕ್ಕೆ ತೆಗೆಯಬೇಡಿ, ಡಾಕ್ಟರನ್ನು ಕೇಳಿ ಸರಿಮಾಡಿ.

ಆಮೇಲೆ ಮನುಷ್ಯನನ್ನು ನೋಡಿ. ನೋವಿದೆಯೇ? ವೆಂಟಿಲೇಟರ್ ಜೊತೆ ಗುದ್ದಾಡುತ್ತಿದ್ದಾನೆಯೇ? ನಿದ್ದೆ ಬರಿಸುವ ಔಷಧಿಯ ಸಿರಿಂಜ್ ಖಾಲಿಯಾಗಿದೆಯೇ? ಸುಮ್ನೆ ಹೇಳುತ್ತಿಲ್ಲ, ಪಂಪಿನ ಬೀಪ್ ಮ್ಯೂಟ್ ಮಾಡಿ ಮರೆತದ್ದು ನಾನೇ ನೋಡಿದ್ದೇನೆ. ಕ್ಯಾಥೆಟರ್ ಮಡಚಿ ಮೂತ್ರಕೋಶ ಉಬ್ಬಿದ್ದರೂ ಐಸಿಪಿ ಏರುತ್ತದೆ. ಹೊಟ್ಟೆ ಬಿಗಿದಿದ್ದರೂ ಅಷ್ಟೇ. ಮೈ ಬಿಸಿ ಇದ್ದರೆ ಮಿದುಳಿಗೆ ಜಾಸ್ತಿ ರಕ್ತ ಬೇಕು, ಜಾಸ್ತಿ ರಕ್ತ ಬಂದರೆ ಜಾಸ್ತಿ ಒತ್ತಡ. ಪ್ಯಾರಾಸಿಟಮಾಲ್, ಒದ್ದೆ ಬಟ್ಟೆ ಸರಿ. ಆದರೆ ಮಂಜುಗಡ್ಡೆ ಇಟ್ಟು ಚಳಿ ಹುಟ್ಟಿಸಬೇಡಿ. ನಡುಕ ಬಂದರೆ ಇಳಿದ ಒತ್ತಡ ಮತ್ತೆ ಏರುತ್ತದೆ.

ಕಫ ಎಳೆಯುವಾಗ ಮೊದಲು ಪೂರ್ತಿ ಆಕ್ಸಿಜನ್ ಕೊಟ್ಟು, ಒಂದು ಸಲಕ್ಕೆ 10ರಿಂದ 15 ಸೆಕೆಂಡು ಮಾತ್ರ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಕಫ ಎಳೆಯುವುದು ಎಲ್ಲವನ್ನೂ ಪಾಳಿ ಮುಗಿಯುವ ಹೊತ್ತಿಗೆ ಒಟ್ಟಿಗೆ ಮುಗಿಸುವ ಅಭ್ಯಾಸ ನಮಗಿದೆ ಅಲ್ವಾ? ಒತ್ತಡ ಏರಿದ ತಲೆಗೆ ಅದು ಆಗಲ್ಲ. ನಡುನಡುವೆ ಬಿಡುವು ಕೊಡಿ.

ಮೂರನೆಯದು ಉಸಿರು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಒತ್ತಡ ಮತ್ತು ರಕ್ತದ ಹರಿವು ಒಂದಕ್ಕೊಂದು ತಿರುಗಿ ಬೀಳುವುದು ಇಲ್ಲೇ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದರೆ ಮಿದುಳಿನ ರಕ್ತನಾಳ ಹಿಗ್ಗುತ್ತದೆ, ಒತ್ತಡ ಏರುತ್ತದೆ. ಅದು ಇಳಿದರೆ ರಕ್ತನಾಳ ಕುಗ್ಗುತ್ತದೆ, ಒತ್ತಡ ಇಳಿಯುತ್ತದೆ. ಒಂದು ಎಂಎಂ ಬದಲಾದರೆ ರಕ್ತದ ಹರಿವು ಸುಮಾರು 3ರಿಂದ 4 ಶೇಕಡಾ ಬದಲಾಗುತ್ತದೆ. ಟ್ಯೂಬಿನಲ್ಲಿ ಕಫ ಕಟ್ಟಿ, ಪೈಪಿನಲ್ಲಿ ನೀರು ನಿಂತು ಕಾರ್ಬನ್ ಡೈಆಕ್ಸೈಡ್ 38ರಿಂದ 50ಕ್ಕೆ ಹೋಗಿದ್ದರೆ ಐಸಿಪಿ ಏರಿದ ಕಾರಣ ಸಿಕ್ಕಿತು.

ಹಾಗಿದ್ದರೆ ಜೋರಾಗಿ ಉಸಿರು ಕೊಟ್ಟು ಅದನ್ನು 25ಕ್ಕೆ ಇಳಿಸಿದರೆ? ನಂಬರು ಚೆಂದ ಕಾಣುತ್ತದೆ, ಅಷ್ಟೇ. ನಾಳ ಕುಗ್ಗಿ ಮಿದುಳಿಗೆ ರಕ್ತವೇ ಸಿಗಲ್ಲ. ಪಾಪೆ ಹಿಗ್ಗಿ ಆಪರೇಶನ್ ಥಿಯೇಟರಿಗೆ ಓಡುವ ಹೊತ್ತಲ್ಲಿ, ಡಾಕ್ಟರ್ ಹೇಳಿದರೆ, ಸ್ವಲ್ಪ ಹೊತ್ತು 30ರಿಂದ 35ಕ್ಕೆ ಇಳಿಸುವುದುಂಟು. ಉಳಿದಂತೆ 35ರಿಂದ 40ರ ಆಸುಪಾಸೇ ಸರಿ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಆಂಬ್ಯುಲೆನ್ಸಿನಲ್ಲಿ ಮನೆಯವರ ಕೈಗೇ ಆಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ, ಬರುವುದುಂಟು. ಗಾಬರಿಯಲ್ಲಿ ಹಾರ್ಮೋನಿಯಂ ತಿದಿಯ ಹಾಗೆ ಒತ್ತಬೇಡಿ. ಐದಾರು ಸೆಕೆಂಡಿಗೆ ಒಂದು ಸಲ, ಎದೆ ಏಳುವುದು ಕಾಣುವಷ್ಟು ಸಾಕು.

ಲಕ್ಷಣ: ಐಸಿಪಿ ಇದ್ದಕ್ಕಿದ್ದಂತೆ ಇಳಿದಿದೆ, ಅಥವಾ ಗೆರೆ ಚಪ್ಪಟೆ ಆಗಿದೆ

ಸಂತೋಷ ಪಡುವ ಮೊದಲು ಮಂಚ ನೋಡಿ.

ತಲೆಯೊಳಗಿನ ನೀರು ತೆಗೆಯುವ ಇವಿಡಿ ನಳಿಗೆ ಹಾಕಿದ್ದರೆ, ಅಳೆಯುವ ಟ್ರಾನ್ಸ್‌ಡ್ಯೂಸರು ಕಿವಿಯ ತೂತಿನ ಮಟ್ಟದಲ್ಲಿ ಇರಬೇಕು. ಅದು ನಿಂತಿರುವುದು ಪಕ್ಕದ ಕಂಬದ ಮೇಲೆ, ತಲೆ ಇರುವುದು ಮಂಚದ ಮೇಲೆ. ಒಮ್ಮೆ ಎಕ್ಸ್‌ರೇಗೆ ಬಂದವರು ಮಂಚ ತಗ್ಗಿಸಿ ಹಾಗೇ ಹೋದರು. 14 ಇದ್ದ ಐಸಿಪಿ 4 ಆಯಿತು. ಪಾಳಿಯ ಹುಡುಗಿ ಖುಷಿಯಿಂದ ಚಾರ್ಟಿನಲ್ಲಿ ಬರೆದಳು. ಚೀಲಕ್ಕೆ ಒಂದು ಹನಿಯೂ ಬೀಳುತ್ತಿರಲಿಲ್ಲ, ಅದನ್ನು ಯಾರೂ ನೋಡಲಿಲ್ಲ. ಮಟ್ಟ ಹೆಚ್ಚುಕಡಿಮೆ 14 ಸೆಂಟಿಮೀಟರ್ ತಪ್ಪಿದರೆ 10 ಎಂಎಂ ಸುಳ್ಳು ಲೆಕ್ಕ. ಮಂಚ ಎತ್ತಿದರೆ ಉಲ್ಟಾ: ನಂಬರು ಸುಳ್ಳೇ ಏರುತ್ತದೆ, ಜೊತೆಗೆ ನೀರು ಸುರಿದುಹೋಗುತ್ತದೆ. ಇದು ಹೆಚ್ಚು ಅಪಾಯ. ಮಿದುಳಿನಲ್ಲಿ ಗಂಟೆಗೆ ಹುಟ್ಟುವುದೇ ಸುಮಾರು 20 ಎಂಎಲ್. ಒಂದೇ ಸಲ ಜಾಸ್ತಿ ಹೋದರೆ ಮಿದುಳು ಎಳೆದಂತಾಗಿ ಹೊಸ ರಕ್ತಸ್ರಾವ ಆಗಬಹುದು.

ಮಟ್ಟ ಸರಿ ಇದೆಯೇ, ನಳಿಗೆ ಮೈ ಕೆಳಗೆ ಸಿಕ್ಕಿದೆಯೇ, ನಳಿಗೆಯನ್ನು ತೆರೆದು ಮುಚ್ಚುವ ಕೀಲಿ ಯಾವ ಕಡೆ ತಿರುಗಿದೆ, ನೋಡಿ. ನೀರು ಹರಿಯಲು ಬಿಟ್ಟಿರುವಾಗ ಕಾಣುವ ಐಸಿಪಿಯನ್ನು ನಂಬಬಾರದು, ಮುಚ್ಚಿ ಅಳೆಯಬೇಕು, ಅಳೆದು ತೆರೆಯಲು ಮರೆಯಬಾರದು. ನಳಿಗೆಯೊಳಗಿನ ನೀರು ನಾಡಿಯ ಜೊತೆ ಮೆಲ್ಲಗೆ ಮಿಡಿಯುತ್ತಿದ್ದರೆ ದಾರಿ ತೆರೆದಿದೆ. ಮಿಡಿತ ನಿಂತರೆ ಕಟ್ಟಿರಬಹುದು. ಆಗ ಸಿರಿಂಜ್ ಹಿಡಿದು ನೀವೇ ತಳ್ಳಬೇಡಿ, ಆ ಕೆಲಸ ನ್ಯೂರೋಸರ್ಜನ್ನರದ್ದು. ನೀರು ಇದ್ದಕ್ಕಿದ್ದಂತೆ ಕೆಂಪಾದರೂ ಕದಡಿದರೂ ಅವರಿಗೆ ತಿಳಿಸಿ.

ಮಾನಿಟರಿನ ಐಸಿಪಿ ಗೆರೆಯನ್ನೂ ಓದಲು ಕಲಿಯಿರಿ. ಪ್ರತಿ ಮಿಡಿತಕ್ಕೆ ಮೂರು ಗುಡ್ಡ ಇರುತ್ತದೆ, ಮೊದಲನೆಯದು ಎತ್ತರ. ಎರಡನೆಯದು ಮೊದಲನೆಯದನ್ನು ಮೀರಿದರೆ ನಂಬರು 18 ಇದ್ದರೂ ಡಬ್ಬಿ ತುಂಬಿದೆ ಅಂತ ತಿಳಿಯಿರಿ.

ಲಕ್ಷಣ: ಐಸಿಪಿ ಸರಿ ಇದೆ, ಸಿಪಿಪಿ 60ಕ್ಕಿಂತ ಕೆಳಗೆ

ಹಾಗಾದರೆ ಬಿಪಿ ಸಾಲದು. ಕಡಿಮೆ ಬಿಪಿ ತಲೆಯ ಪೆಟ್ಟಿಗೆ ಕೆಟ್ಟ ಶತ್ರು. ಮೇಲಿನ ಬಿಪಿ 90ಕ್ಕಿಂತ ಒಮ್ಮೆ ಕೆಳಗಿಳಿದವರಲ್ಲಿ ಸಾವು ಸುಮಾರು ಎರಡು ಪಟ್ಟು ಅಂತ 1993ರಲ್ಲೇ ಅಮೆರಿಕದ ಅಧ್ಯಯನ ತೋರಿಸಿತ್ತು. ಹೊಟ್ಟೆಯಲ್ಲಿ, ತೊಡೆಯಲ್ಲಿ ರಕ್ತ ಸೋರುತ್ತಿದೆಯೇ? ನಿದ್ದೆಯ ಔಷಧಿ ಜಾಸ್ತಿಯಾಗಿದೆಯೇ? ಮ್ಯಾನಿಟಾಲ್‌ನಿಂದ ಮೂತ್ರ ಹೋಗಿ ಮೈ ಒಣಗಿದೆಯೇ? ದ್ರವ ಅಂದರೆ ನಾರ್ಮಲ್ ಸಲೈನ್. 5 ಶೇಕಡಾ ಡೆಕ್ಸ್‌ಟ್ರೋಸ್ ಬೇಡ. ಅದರ ಸಕ್ಕರೆ ಕರಗಿ ಉಳಿಯುವ ಬರೀ ನೀರು ಮಿದುಳಿಗೆ ಸೇರಿ ಬಾವು ಏರಿಸುತ್ತದೆ.

ಇಲ್ಲೂ ಒಂದು ಮಟ್ಟದ ಮೋಸ ಇದೆ. ಬಿಪಿಯ ಟ್ರಾನ್ಸ್‌ಡ್ಯೂಸರು ಎದೆಯ ಮಟ್ಟದಲ್ಲಿ, ಐಸಿಪಿಯದ್ದು ಕಿವಿಯ ಮಟ್ಟದಲ್ಲಿ ಇದ್ದರೆ, ತಲೆ 30 ಡಿಗ್ರಿ ಎತ್ತಿದಾಗ ಸಿಪಿಪಿ 10 ಎಂಎಂ ಆಸುಪಾಸು ಜಾಸ್ತಿ ತೋರುತ್ತದೆ. ಮಾನಿಟರು 62 ಅನ್ನುತ್ತಿರುತ್ತದೆ, ಮಿದುಳಿಗೆ ಸಿಗುತ್ತಿರುವುದು 52. ನಿಮ್ಮ ಐಸಿಯುವಿನಲ್ಲಿ ಯಾವ ಮಟ್ಟ ಹಿಡಿಯುತ್ತಾರೆ, ಮೊದಲ ದಿನವೇ ಕೇಳಿಕೊಳ್ಳಿ.

ಲಕ್ಷಣ: ಎಲ್ಲ ಸರಿಮಾಡಿದರೂ ಇಳಿಯುತ್ತಿಲ್ಲ

ಈಗ ಮ್ಯಾನಿಟಾಲ್ ಅಥವಾ 3 ಶೇಕಡಾ ಸಲೈನ್. ಡಾಕ್ಟರ ಆದೇಶ, ಫಿಲ್ಟರ್ ಇರುವ ಸೆಟ್. ಕೆಜಿಗೆ ಅರ್ಧ ಗ್ರಾಂ ಅಂದರೆ 60 ಕೆಜಿಯವರಿಗೆ 20 ಶೇಕಡಾ ಮ್ಯಾನಿಟಾಲ್ 150 ಎಂಎಲ್. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಐಸಿಯುವಿನ ಎಸಿ ತಂಪಿಗೆ ಕಲ್ಲುಸಕ್ಕರೆಯ ಚೂರಿನಂತೆ ಹರಳು ಕಟ್ಟಿರುತ್ತದೆ. ಬಿಸಿನೀರಲ್ಲಿ ಇಟ್ಟು ಕರಗಿಸಿ, ಮೈ ಬಿಸಿಗೆ ಬಂದ ಮೇಲೆ ಕೊಡಿ, ಕರಗದಿದ್ದರೆ ಎಸೆಯಿರಿ. ಬಿಪಿ ಕಡಿಮೆ ಇದ್ದರೆ, ಮೂತ್ರ ಬರುತ್ತಿಲ್ಲದಿದ್ದರೆ ಕೊಡುವ ಮೊದಲು ಮತ್ತೊಮ್ಮೆ ಕೇಳಿ. ತಲೆಗೆ ಪೆಟ್ಟು ಅಂದ ಕೂಡಲೇ ಎಲ್ಲರಿಗೂ ಎಂಟು ಗಂಟೆಗೊಂದು ಬಾಟಲಿ ಅನ್ನುವ ರೂಢಿ ನನಗೆ ಸರಿ ಕಾಣಲ್ಲ.

ಮನೆಯವರು ಕೇಳುವ ಇನ್ನೊಂದು ಮಾತು: "ಬಾವು ಇಳಿಯೋಕೆ ಸ್ಟೆರಾಯ್ಡ್ ಕೊಡಲ್ವಾ? ನಮ್ಮ ಅತ್ತೆಗೆ ಕೊಟ್ಟಿದ್ರು." ಅತ್ತೆಗೆ ಇದ್ದದ್ದು ಗೆಡ್ಡೆ. ಪೆಟ್ಟಿನ ಬಾವಿಗೆ ಅದು ಕೆಲಸ ಮಾಡಲ್ಲ. 10,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಕ್ರ್ಯಾಶ್ ಪ್ರಯೋಗ 2004ರಲ್ಲಿ ಹೊರಬಂತು. ಎರಡು ವಾರದೊಳಗೆ ಸ್ಟೆರಾಯ್ಡ್ ಪಡೆದವರಲ್ಲಿ 21.1 ಶೇಕಡಾ ಸತ್ತಿದ್ದರು, ಪಡೆಯದವರಲ್ಲಿ 17.9.

ಅದಕ್ಕೂ ಬಗ್ಗದಿದ್ದರೆ ಮತ್ತೆ ಸಿಟಿ. ಹೊಸ ಹೆಪ್ಪು ಇದ್ದರೆ ತೆಗೆಯಬೇಕು. ಬರೀ ಬಾವಾದರೆ ಕೊನೆಯ ದಾರಿಗಳಲ್ಲಿ ಒಂದು ತಲೆಬುರುಡೆಯ ದೊಡ್ಡ ತುಂಡು ತೆಗೆದು ಜಾಗ ಮಾಡಿಕೊಡುವುದು. 2016ರಲ್ಲಿ ಹೊರಬಂದ ರೆಸ್ಕ್ಯೂ ಐಸಿಪಿ ಪ್ರಯೋಗದಲ್ಲಿ ಆರು ತಿಂಗಳಿಗೆ ಆಪರೇಶನ್ ಆದವರಲ್ಲಿ 26.9 ಶೇಕಡಾ ಸತ್ತಿದ್ದರು, ಔಷಧಿ ಚಿಕಿತ್ಸೆಯ ಗುಂಪಿನಲ್ಲಿ 48.9. ಆದರೆ ಆಪರೇಶನ್ ಆಗಿ ಬದುಕಿದವರಲ್ಲಿ ಎಚ್ಚರವೇ ಬಾರದವರು, ಇನ್ನೊಬ್ಬರ ಮೇಲೇ ಅವಲಂಬಿಸಿದವರು ಜಾಸ್ತಿ ಇದ್ದರು. ಸಹಿ ಹಾಕುವ ಮೊದಲು "ಬದುಕ್ತಾನಾ" ಅಂತ ಕೇಳುತ್ತೀರಿ. "ಬದುಕಿದರೆ ಹೇಗಿರ್ತಾನೆ" ಅಂತಲೂ ಕೇಳಿ. ಡಾಕ್ಟರು ಬೇಸರ ಮಾಡಿಕೊಳ್ಳಲ್ಲ.

ಲಕ್ಷಣ: ಮೂತ್ರ ಗಂಟೆಗೆ 300 ಎಂಎಲ್ ಹೋಗುತ್ತಿದೆ

ಈಗಷ್ಟೇ ಮ್ಯಾನಿಟಾಲ್ ಕೊಟ್ಟಿದ್ದರೆ ಅದರದ್ದೇ. ಕೊಡದೆಯೂ ನೀರಿನ ಹಾಗೆ ತಿಳಿಯಾಗಿ ಎರಡು ಗಂಟೆ ಹೋದರೆ ಸೋಡಿಯಂ ಪರೀಕ್ಷೆಗೆ ಕಳಿಸಿ. ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಪೆಟ್ಟಾಗಿರಬಹುದು. ಸೋಡಿಯಂ ಇಳಿದರೆ ಬಾವು ಜಾಸ್ತಿ. ಏರಿದ್ದರೂ ಇಳಿದಿದ್ದರೂ ರಾತ್ರಿಯೇ ತಿಳಿಸಬೇಕಾದ ವಿಷಯ.

ಲಕ್ಷಣ: ಐಸಿಪಿ ಯಂತ್ರವೇ ಇಲ್ಲ

ಎಷ್ಟೋ ಕಡೆ ಇಲ್ಲ. ಅದಕ್ಕೇ ಎದೆಗುಂದಬೇಡಿ. ಬೊಲಿವಿಯಾ, ಈಕ್ವೆಡಾರ್‌ಗಳಲ್ಲಿ 324 ಜನರ ಮೇಲೆ ಮಾಡಿದ ಪ್ರಯೋಗ 2012ರಲ್ಲಿ ಬಂತು: ಯಂತ್ರ ನೋಡಿ ನಡೆಸಿದ ಚಿಕಿತ್ಸೆ, ಸಿಟಿ ಮತ್ತು ಕಣ್ಣಳತೆಯ ಪರೀಕ್ಷೆ ನೋಡಿ ನಡೆಸಿದ್ದಕ್ಕಿಂತ ಮೇಲು ಅಂತ ಸಾಬೀತಾಗಲಿಲ್ಲ. ಅಲ್ಲಿನವರು ಕಣ್ಣಳತೆಯನ್ನು ಬಿಗಿಯಾಗಿ ಮಾಡಿದರು ಅನ್ನುವುದನ್ನು ಮರೆಯಬೇಡಿ. ಗಂಟೆಗೊಮ್ಮೆ ಪಾಪೆ, ಗಂಟೆಗೊಮ್ಮೆ ಸ್ಕೋರು, ಅದೂ ಅವರ ಭಾಷೆಯಲ್ಲಿ.

ಲಕ್ಷಣ: ಮನೆಗೆ ಬಂದ ಮೇಲೆ ಮೂಳೆ ತೆಗೆದ ಜಾಗ ಉಬ್ಬಿದೆ ಅಥವಾ ತಗ್ಗಾಗಿದೆ

ಮಲಗಿದಾಗ ಸ್ವಲ್ಪ ತುಂಬಿಕೊಂಡು, ಕೂತಾಗ ಸ್ವಲ್ಪ ಒಳಗೆ ಹೋಗುವುದು ಸಹಜ. ಬೆರಳಿನ ಹಿಂಬದಿಯಿಂದ ಮೆಲ್ಲಗೆ ಮುಟ್ಟಿ. ಮೃದುವಾಗಿದ್ದರೆ ಸಮಾಧಾನ. ಕೂತಾಗಲೂ ತೆಂಗಿನಕಾಯಿಯಂತೆ ಗಟ್ಟಿಯಾಗಿ ಉಬ್ಬಿದ್ದರೆ, ಜೊತೆಗೆ ತಲೆನೋವು, ವಾಂತಿ, ಮಂಪರು ಇದ್ದರೆ ಆ ದಿನವೇ ಆಸ್ಪತ್ರೆ. ಮಹಾರಾಷ್ಟ್ರ, ಗೋವಾ, ಕರ್ನಾಟಕ ಎಲ್ಲ ಕಡೆ 108 ಸಿಗುತ್ತದೆ. ಆಳವಾಗಿ ತಗ್ಗು ಬಿದ್ದು, ಕೂರಿಸಿದಾಗ ತಲೆಸುತ್ತು, ಕೈಕಾಲು ಸೋಲುವುದು ಕಂಡರೆ ಮಲಗಿಸಿ, ಡಾಕ್ಟರಿಗೆ ತಿಳಿಸಿ. ಮೂಳೆ ಮತ್ತೆ ಕೂರಿಸುವ ದಿನ ಹತ್ತಿರ ಮಾಡಬೇಕಾಗಬಹುದು. ಎಷ್ಟೋ ಆಸ್ಪತ್ರೆಗಳಲ್ಲಿ ಆ ಮೂಳೆಯನ್ನು ರೋಗಿಯ ಹೊಟ್ಟೆಯ ಚರ್ಮದ ಕೆಳಗೇ ಇಟ್ಟಿರುತ್ತಾರೆ. ಅಲ್ಲಿ ಕೆಂಪಾಗಿ ಕೀವು ಬಂದರೆ ಅದನ್ನೂ ತೋರಿಸಿ.

ಎದ್ದು ಓಡಾಡುವಾಗ ಹೆಲ್ಮೆಟ್ ಬೇಕು, ಆ ಮಗ್ಗುಲಿಗೆ ಮಲಗಬಾರದು. ಬ್ಯಾಂಡೇಜಿನ ಮೇಲೆ "ಇಲ್ಲಿ ಮೂಳೆ ಇಲ್ಲ" ಅಂತ ಇಂಗ್ಲಿಷಿನಲ್ಲಿ ಬರೆಯುವುದು ಎಲ್ಲ ಕಡೆ ಇದೆ. ನಮ್ಮ ಕಡೆಯವರು ಡಿಸ್ಚಾರ್ಜ್ ಆಗಿ ಊರಿಗೆ ಹೊರಟರೆ ನಾನು ಅದರ ಕೆಳಗೆ ಕನ್ನಡದಲ್ಲೂ ಬರೆದು ಕಳಿಸುತ್ತೇನೆ. ತಿಂಗಳು ಕಳೆದ ಮೇಲೆ ಕೂದಲು ತೆಗೆಸಲು ಕೂರಿಸುತ್ತಾರೆ, ಕತ್ತರಿ ಹಿಡಿದವನಿಗೂ ಗೊತ್ತಿರಬೇಕಲ್ಲ.